ಪದದ ಬಾಲ ಹಿಡಿದರೆ ಬಳಗ ಸಿಗುತ್ತದೆ

ಈ ಸಲದ ಪ್ರಶ್ನೆಗಳೆಲ್ಲ ಇಂಗ್ಲಿಷ್ ಪದಗಳ ಕೊನೆಗೆ ಅಂಟಿಕೊಂಡ ಲ್ಯಾಟಿನ್ ಪ್ರತ್ಯಯಗಳ ಬಗ್ಗೆ. ಕಾಗುಣಿತದ ಮಾತು ಬಂದ ಕಡೆ ಅಕ್ಷರಗಳನ್ನು ಎ-ಬಿ-ಎಲ್-ಇ ಎಂದು ಬಿಡಿಸಿ ಬರೆದಿದ್ದೇವೆ.

ಪ್ರಶ್ನೆ: ‘ವಿಸಿಬಲ್’ ಬರೆಯುವಾಗ ಐ, ‘ವಾಷಬಲ್’ ಬರೆಯುವಾಗ ಎ. ಕೇಳುವುದಕ್ಕೆ ಎರಡೂ ಒಂದೇ. ಯಾವುದಕ್ಕೆ ಯಾವುದು ಎಂದು ತಿಳಿಯುವುದು ಹೇಗೆ?

ಉತ್ತರ: ಕಿವಿಯನ್ನು ನಂಬಿ ಕೂತರೆ ಇದು ಬಗೆಹರಿಯುವುದಿಲ್ಲ. ಸಂಸ್ಕೃತ ಧಾತುಗಳಿಗೆ (ಕ್ರಿಯಾಪದಗಳ ಮೂಲರೂಪಗಳಿಗೆ) ಹತ್ತು ಗಣಗಳು, ಅಂದರೆ ಗುಂಪುಗಳು, ಇರುವಂತೆ ಲ್ಯಾಟಿನ್ ಕ್ರಿಯಾಪದಗಳಿಗೆ ನಾಲ್ಕು. ಮೊದಲನೇ ಗಣದ ಧಾತುಗಳಿಗೆ ‘ಆಬಿಲಿಸ್’ ಹತ್ತುತ್ತಿತ್ತು, ಉಳಿದವುಗಳಿಗೆ ಸಾಮಾನ್ಯವಾಗಿ ‘ಇಬಿಲಿಸ್’. ‘ಹೊರು’ ಎಂಬರ್ಥದ ‘ಪೋರ್ತಾರೆ’ ಮೊದಲ ಗಣದ್ದು, ಹಾಗಾಗಿ ಪೋರ್ಟಬಲ್‌ನಲ್ಲಿ ಎ. ‘ಕೇಳು’ ಎಂಬರ್ಥದ ‘ಔದೀರೆ’ ನಾಲ್ಕನೇ ಗಣದ್ದು, ಹಾಗಾಗಿ ಆಡಿಬಲ್‌ನಲ್ಲಿ ಐ.

ಆಮೇಲೆ ಎರಡರ ಹಣೆಬರಹ ಬೇರೆಬೇರೆಯಾಯಿತು. ಎ ರೂಪ ಇಂಗ್ಲಿಷ್‌ನಲ್ಲಿ ಮನೆಮಗನಾಗಿ ಯಾವ ಕ್ರಿಯಾಪದಕ್ಕೆ ಬೇಕಾದರೂ ಅಂಟತೊಡಗಿತು: ವಾಷಬಲ್, ರೀಡಬಲ್, ಡ್ರಿಂಕಬಲ್. ‘ಸಮರ್ಥ’ ಎಂಬರ್ಥದ ‘ಏಬಲ್’ ಎಂಬ ಬಿಡಿಪದ ಇದಕ್ಕೆ ಬೆಂಬಲ ಕೊಟ್ಟಿತು. ಆದರೆ ಅದು ‘ಹಾಬಿಲಿಸ್’ ಎಂಬ ಬೇರೆ ಪದದಿಂದ ಬಂದದ್ದು, ಈ ಪ್ರತ್ಯಯಕ್ಕೆ ರಕ್ತಸಂಬಂಧಿಯಲ್ಲ. ಐ ರೂಪದ ಪಟ್ಟಿ ಮಾತ್ರ ಮುಚ್ಚಿಹೋಗಿದೆ. ಅದಕ್ಕೆ ಹೊಸ ಸದಸ್ಯರು ಸೇರುವುದು ತೀರಾ ಅಪರೂಪ.

ಹಾಗಾಗಿ ಮೊದಲ ಪರೀಕ್ಷೆ: ಬಾಲ ಕತ್ತರಿಸಿ. ಉಳಿದದ್ದು ಸ್ವತಂತ್ರ ಪದವಾಗಿದ್ದರೆ ಎ (ವಾಷ್, ರೀಡ್). ಬರೀ ತುಂಡು ಉಳಿದರೆ ಐ ಇರಬಹುದು: ವಿಸ್, ಆಡ್, ಕ್ರೆಡ್, ಲೆಜ್.

ಎರಡನೇ ಪರೀಕ್ಷೆ, ಬಳಗವನ್ನು ವಿಚಾರಿಸಿ. ಅದೇ ಬೇರಿನ ನಾಮಪದ ‘ಏಷನ್’ ಎಂದು ಮುಗಿದರೆ ಎ: ಅಪ್ಲಿಕೇಷನ್–ಅಪ್ಲಿಕಬಲ್. ‘ಏ’ ಇಲ್ಲದೆ ಬರೀ ‘ಷನ್’ ಇದ್ದರೆ ಹೆಚ್ಚಾಗಿ ಐ: ಪರ್ಮಿಷನ್–ಪರ್ಮಿಸಿಬಲ್, ಡಿವಿಷನ್–ಡಿವಿಸಿಬಲ್.

ಮೂರನೆಯದು ಹೆಚ್ಚು ಗಟ್ಟಿ. ಪ್ರತ್ಯಯದ ಹಿಂದಿನ ಸಿ ‘ಕ’ ಎಂದೋ ಜಿ ‘ಗ’ ಎಂದೋ ಗಡುಸಾಗಿ ಉಚ್ಚಾರವಾದರೆ ಅಲ್ಲಿ ಐ ಬರುವುದೇ ಇಲ್ಲ: ನ್ಯಾವಿಗಬಲ್, ಕಮ್ಯುನಿಕಬಲ್. ಐ ಬಂದರೆ ಆ ಅಕ್ಷರ ಮೆತ್ತಗಾಗಿಬಿಡುತ್ತದೆ: ಲೆಜಿಬಲ್, ಇನ್ವಿನ್ಸಿಬಲ್. ಎ ಬರೆಯಬೇಕು, ಅಕ್ಷರವೂ ಮೆತ್ತಗಿರಬೇಕು ಎಂದರೆ ನಡುವೆ ಒಂದು ಇ ಉಳಿಸಿಕೊಳ್ಳಬೇಕು. ನೋಟಿಸಬಲ್, ಚೇಂಜಬಲ್ ಪದಗಳಲ್ಲಿ ಎ-ಬಿ-ಎಲ್-ಇ ಮುಂಚೆ ಇ ಕೂತಿರುವುದು ಇದಕ್ಕೇ. ಅದನ್ನು ಬಿಟ್ಟು ಬರೆಯುವವರೇ ಹೆಚ್ಚು.

ಪರೀಕ್ಷೆಗಳು ಒಂದಕ್ಕೊಂದು ಜಗಳವಾಡುವುದೂ ಉಂಟು. ಡೈಜೆಸ್ಟ್, ಪ್ರೆಡಿಕ್ಟ್ ಎರಡೂ ಪೂರ್ತಿ ಪದಗಳು. ಎರಡಕ್ಕೂ ಡೈಜೆಸ್ಚನ್, ಪ್ರೆಡಿಕ್ಷನ್ ಎಂಬ ನಾಮಪದಗಳಿವೆ. ಆದರೂ ಡೈಜೆಸ್ಟಿಬಲ್‌ಗೆ ಐ, ಪ್ರೆಡಿಕ್ಟಬಲ್‌ಗೆ ಎ. ಮೊದಲನೆಯದು ಲ್ಯಾಟಿನ್‌ನಲ್ಲೇ ತಯಾರಾಗಿ ಬಂದದ್ದು, ಎರಡನೆಯದು ಇಂಗ್ಲಿಷ್‌ನಲ್ಲಿ ಕಟ್ಟಿದ್ದು. ಆಕ್ಸೆಸಿಬಲ್, ಫ್ಲೆಕ್ಸಿಬಲ್, ಕನ್ವರ್ಟಿಬಲ್, ರೆಸ್ಪಾನ್ಸಿಬಲ್ ಇವನ್ನೂ ಡೈಜೆಸ್ಟಿಬಲ್ ಜತೆಗೆ ಬಾಯಿಪಾಠ ಮಾಡಿಬಿಡಿ.

ಪ್ರಶ್ನೆ: ‘ಷನ್’ ಎಂಬ ಒಂದೇ ಸದ್ದಿಗೆ ಟಿ-ಐ-ಓ-ಎನ್, ಎಸ್-ಐ-ಓ-ಎನ್, ಎರಡು ಎಸ್, ಸಿ-ಐ-ಎ-ಎನ್ ಎಂದು ಇಷ್ಟೊಂದು ವೇಷ ಯಾಕೆ?

ಉತ್ತರ: ಸಿ-ಐ-ಎ-ಎನ್ ಮೊದಲು ಬದಿಗಿಡೋಣ. ಅದು ಮನುಷ್ಯರಿಗೆ ಮೀಸಲು: ಮ್ಯೂಸಿಷಿಯನ್, ಇಲೆಕ್ಟ್ರಿಷಿಯನ್, ಪಾಲಿಟಿಷಿಯನ್. ‘ಇಕ್’ ಎಂದು ಮುಗಿಯುವ ಪದದ ಮೇಲೆ ‘ಇಯನ್’ ಕೂತಿದೆ, ಅಷ್ಟೆ. (ಡಯಟಿಷಿಯನ್ ಒಂದನ್ನು ಟಿ ಹಾಕಿಯೂ ಬರೆಯುತ್ತಾರೆ.)

ಉಳಿದ ಮೂರಕ್ಕೆ ಕ್ರಿಯಾಪದದ ಕೊನೆ ನೋಡಿ. ‘ಮಿಟ್’ ಎಂದು ಮುಗಿದರೆ ಎರಡು ಎಸ್: ಪರ್ಮಿಟ್–ಪರ್ಮಿಷನ್, ಅಡ್ಮಿಟ್–ಅಡ್ಮಿಷನ್. ‘ಸೀಡ್’ ಎಂದು ಮುಗಿದರೂ ಎರಡು ಎಸ್: ಕನ್ಸೀಡ್–ಕನ್ಸೆಷನ್, ಸಕ್ಸೀಡ್–ಸಕ್ಸೆಷನ್. ಡಿ ಅಥವಾ ಡಿ-ಇ ಇದ್ದರೆ ಒಂದು ಎಸ್: ಎಕ್ಸ್‌ಪ್ಯಾಂಡ್–ಎಕ್ಸ್‌ಪ್ಯಾನ್ಷನ್, ಡಿಸೈಡ್–ಡಿಸಿಷನ್, ಕನ್‌ಕ್ಲೂಡ್–ಕನ್‌ಕ್ಲೂಷನ್. ‘ವರ್ಟ್’ ಇದ್ದರೂ ಒಂದು ಎಸ್. ಮಿಕ್ಕವು ಬಹುಪಾಲು ಟಿ. ಅಟೆಂಡ್–ಅಟೆನ್ಷನ್‌ಗೆ ಟಿ, ಎಕ್ಸ್‌ಟೆಂಡ್–ಎಕ್ಸ್‌ಟೆನ್ಷನ್‌ಗೆ ಎಸ್ ಯಾಕೆಂದರೆ ಮೂಲದ ‘ತೆಂದೆರೆ’ ಧಾತುವಿಗೆ ‘ತೆಂತುಂ’, ‘ತೆನ್ಸುಂ’ ಎಂಬ ಎರಡು ಕೃದಂತ ರೂಪಗಳಿದ್ದವು. ಒಂದೊಂದು ಪದ ಒಂದೊಂದನ್ನು ಹಿಡಿದುಕೊಂಡಿತು.

ಇನ್ನೊಂದು ಸುಳಿವು ಕನ್ನಡದವರ ಕಿವಿಗೆ ತಪ್ಪಿಹೋಗುತ್ತದೆ. ಡಿಸಿಷನ್, ಕನ್‌ಫ್ಯೂಷನ್, ಟೆಲಿವಿಷನ್ ಎಂದು ಷಕಾರ ಹಾಕಿ ಬರೆದರೂ ಇಂಗ್ಲಿಷ್‌ನಲ್ಲಿ ಅಲ್ಲಿರುವುದು ಷ ಅಲ್ಲ. ಗಂಟಲು ನಡುಗಿಸಿ ಹೇಳುವ ಘೋಷ ಧ್ವನಿ ಅದು, ಪ್ಲೆಷರ್, ಮೆಷರ್ ಪದಗಳ ನಡುವೆ ಕೇಳುವಂಥದ್ದು. ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಆ ನಡುಕ ಕೇಳಿದರೆ ಒಂದೇ ಎಸ್ ಬರೆಯಿರಿ. ಈಕ್ವೇಷನ್‌ನಂಥ ಒಂದೆರಡು ಪದ ಮಾತ್ರ ಟಿ ಇಟ್ಟುಕೊಂಡೂ ನಡುಗುತ್ತವೆ.

ಪ್ರಶ್ನೆ: ‘ಎಕ್ಸ್‌ಪ್ಲೇನ್’ನಲ್ಲಿ ಎ ಜತೆ ಐ ಇದೆ, ‘ಎಕ್ಸ್‌ಪ್ಲನೇಷನ್’ನಲ್ಲಿ ಆ ಐ ಎಲ್ಲಿ ಹೋಯಿತು?

ಉತ್ತರ: ಎಲ್ಲೂ ಹೋಗಲಿಲ್ಲ, ಅದು ಅಲ್ಲಿ ಮೊದಲೇ ಇರಲಿಲ್ಲ. ಲ್ಯಾಟಿನ್ ಧಾತು ‘ಎಕ್ಸ್‌ಪ್ಲಾನಾರೆ’. ನಾಮಪದ ಆ ರೂಪವನ್ನೇ ಕಾಪಾಡಿಕೊಂಡಿದೆ; ಕ್ರಿಯಾಪದದ ಐ ಆಮೇಲೆ ನುಸುಳಿದ್ದು. ಪ್ರೊನೌನ್ಸ್–ಪ್ರೊನನ್ಸಿಯೇಷನ್, ರಿಪೀಟ್–ರೆಪಿಟಿಷನ್, ರಿವೀಲ್–ರೆವೆಲೇಷನ್ ಕಥೆಯೂ ಇಂಥದ್ದೇ: ಕ್ರಿಯಾಪದ ಫ್ರೆಂಚರ ಬಾಯಲ್ಲಿ ಸವೆದ ತದ್ಭವ, ನಾಮಪದ ಪುಸ್ತಕದ ದಾರಿ ಹಿಡಿದ ತತ್ಸಮ. ನಾವು ‘ದನಿ’ ಎನ್ನುತ್ತೇವೆ, ಆದರೆ ಪ್ರತ್ಯಯ ಹಚ್ಚುವಾಗ ‘ಧ್ವನಿತ’ ಎನ್ನುತ್ತೇವೆ, ‘ದನಿತ’ ಎನ್ನುವವರಿಲ್ಲ. ‘ಪ್ರೊನೌನ್ಸಿಯೇಷನ್’ ಎಂದು ಓ ಸೇರಿಸಿ ಬರೆಯುವುದೂ ಅಷ್ಟೇ ವಿಚಿತ್ರ.

ಪ್ರಶ್ನೆ: ಶ್ರೀಮಂತ, ಬುದ್ಧಿಮಂತ ಪದಗಳ ‘ಮಂತ’ಕ್ಕೂ ಗವರ್ನಮೆಂಟ್, ಡಾಕ್ಯುಮೆಂಟ್‌ಗಳ ‘ಮೆಂಟ್’ಗೂ ನಂಟಿದೆಯೇ?

ಉತ್ತರ: ಇಲ್ಲ. ‘ಮಂತ’ ಎಂದರೆ ‘ಉಳ್ಳವ’. ಅದು ನಾಮಪದಕ್ಕೆ ಹತ್ತುವ ತದ್ಧಿತ. ‘ಮೆಂಟ್’ ಕ್ರಿಯೆಯ ಸಾಧನವನ್ನೋ ಫಲವನ್ನೋ ಹೇಳುವ ಕೃತ್ ಪ್ರತ್ಯಯ. ಲ್ಯಾಟಿನ್ ‘ದೋಕೇರೆ’ ಎಂದರೆ ಕಲಿಸು, ‘ದೋಕುಮೆಂತುಂ’ ಎಂದರೆ ಕಲಿಸಿಕೊಡುವಂಥದ್ದು. ‘ಮೋನೇರೆ’ ಎಂದರೆ ನೆನಪಿಸು, ನೆನಪಿಸುವಂಥದ್ದು ಮಾನ್ಯುಮೆಂಟ್. ಈ ‘ಮೆಂಟ್’ನ ಮುಂಭಾಗಕ್ಕೆ ಸಂಸ್ಕೃತದಲ್ಲಿ ನಿಜವಾದ ಅಣ್ಣನೊಬ್ಬನಿದ್ದಾನೆ. ಅವನು ‘ಮನ್’: ಕರ್ಮನ್, ನಾಮನ್. ಲ್ಯಾಟಿನ್‌ನಲ್ಲಿ ಹೆಸರಿಗೆ ‘ನೋಮೆನ್’ ಎನ್ನುತ್ತಾರೆ.

ನಂಟು ಹುಡುಕುವ ಆಸೆಯಿದ್ದರೆ ಬೇರೆ ಕಡೆ ನೋಡಿ. ಸಂಸ್ಕೃತದ ‘ತೃ’, ಲ್ಯಾಟಿನ್‌ನ ‘ತೋರ್’ ಒಂದೇ ಬೇರಿನವು: ಕೊಡುವವನು ಇಲ್ಲಿ ದಾತೃ, ಅಲ್ಲಿ ದಾತೋರ್. ನಮ್ಮ ‘ತೆ’ಗೂ ‘ಇಟಿ’ಯ ಮೂಲವಾದ ‘ತಾಸ್’ಗೂ ನಂಟಿದೆ. ಲಘುತೆ–ಲೆವಿಟಿ ಜೋಡಿಯಲ್ಲಿ ತಲೆಯೂ ಒಂದೇ, ಬಾಲವೂ ಒಂದೇ. ಗ್ರಾವಿಟಿಯ ತಲೆ ‘ಗುರು’. ವಿಜ್ಞಾನದ ಪುಸ್ತಕ ಬರೆದವರು ಅದನ್ನು ‘ಗುರುತ್ವ’ ಎಂದು ಕರೆದಾಗ ಅನುವಾದದ ಜತೆಗೆ ಹಳೆಯ ನೆಂಟರನ್ನೂ ಒಂದುಗೂಡಿಸಿದರು.

ಪ್ರಶ್ನೆ: ‘ಆಂಟ್’, ‘ಎಂಟ್’ ಗೊಂದಲಕ್ಕೂ ಗಣವೇ ಕಾರಣವೇ?

ಉತ್ತರ: ಹೌದು, ಅರ್ಧ ಮಾತ್ರ. ಇವು ‘ಮಾಡುತ್ತಿರುವ’ ಎಂಬರ್ಥದ ವರ್ತಮಾನ ಕೃದಂತಗಳು. ಲ್ಯಾಟಿನ್‌ನ ಮೊದಲ ಗಣಕ್ಕೆ ಎ, ಮಿಕ್ಕವಕ್ಕೆ ಇ. ಆದರೆ ಫ್ರೆಂಚ್ ಎಲ್ಲವನ್ನೂ ಸಾರಾಸಗಟಾಗಿ ಎ ಮಾಡಿಬಿಟ್ಟಿತು. ಇಂಗ್ಲಿಷ್ ಕೆಲವನ್ನು ಫ್ರೆಂಚ್‌ನಿಂದ, ಕೆಲವನ್ನು ನೇರ ಲ್ಯಾಟಿನ್‌ನಿಂದ ತಂದುಕೊಂಡಿತು. ರೆಸಿಸ್ಟಂಟ್, ಕನ್ಸಿಸ್ಟಂಟ್ ಎರಡರ ಒಡಲಲ್ಲೂ ‘ಸಿಸ್ತೆರೆ’ ಎಂಬ ಒಂದೇ ಧಾತು ಇದೆ. ಆದರೂ ಮೊದಲನೆಯದಕ್ಕೆ ಎ, ಎರಡನೆಯದಕ್ಕೆ ಇ. ಧಾತು ತಿಳಿದವರೂ ಇಲ್ಲಿ ಎಡವುತ್ತಾರೆ.

ಇಲ್ಲೂ ಬಳಗವೇ ಸಾಕ್ಷಿ. ಬಾಲದ ಸ್ವರ ಒತ್ತಿಲ್ಲದೆ ಮಂಕಾಗಿರುವುದೇ ತೊಂದರೆ. (ಒತ್ತು ಎಂದರೆ ದನಿಯ ಭಾರ, ಒತ್ತಕ್ಷರವಲ್ಲ.) ಅದೇ ಸ್ವರಕ್ಕೆ ಒತ್ತು ಬೀಳುವ ಬಂಧುವನ್ನು ಕರೆದರೆ ಗುಟ್ಟು ಹೊರಬೀಳುತ್ತದೆ. ಡಾಮಿನೇಷನ್‌ನಲ್ಲಿ ‘ಏ’ ಕೇಳುತ್ತದೆ, ಹಾಗಾಗಿ ಡಾಮಿನಂಟ್‌ಗೆ ಎ. ಪ್ರೆಸಿಡೆನ್ಷಿಯಲ್‌ನಲ್ಲಿ ‘ಡೆನ್’ ಕೇಳುತ್ತದೆ, ಹಾಗಾಗಿ ಪ್ರೆಸಿಡೆಂಟ್‌ಗೆ ಇ. ಡಿಫರೆಂಟ್, ಕಾನ್ಫಿಡೆಂಟ್, ರೆಸಿಡೆಂಟ್ ಎಲ್ಲ ಹೀಗೆಯೇ. ಮೇಲೆ ಹೇಳಿದ ಗಡಸು–ಮೆತ್ತನೆ ನಿಯಮವೂ ಕೆಲಸ ಮಾಡುತ್ತದೆ: ಎಲಿಗಂಟ್‌ಗೆ ಎ, ಅರ್ಜೆಂಟ್‌ಗೆ ಇ.

ಬ್ರಿಟಿಷ್ ಬರವಣಿಗೆಯಲ್ಲಿ ಡಿಪೆಂಡೆಂಟ್ ಪದ ವಿಶೇಷಣವಾದರೆ ಇ, ‘ಅವಲಂಬಿತ ವ್ಯಕ್ತಿ’ ಎಂಬ ನಾಮಪದವಾದರೆ ಎ. ಅಮೆರಿಕನ್ನರು ಎರಡಕ್ಕೂ ಇ ಬರೆಯುತ್ತಾರೆ. ಇಂಡಿಪೆಂಡೆಂಟ್‌ಗೆ ಎಲ್ಲೆಡೆ ಇ.

ಪ್ರಶ್ನೆ: ಗಣಿತದ ಡಿವಿಡೆಂಡ್ ಮತ್ತು ಕಂಪನಿ ಕೊಡುವ ಡಿವಿಡೆಂಡ್ ಒಂದೇ ಪದವೇ?

ಉತ್ತರ: ಒಂದೇ. ಇದಕ್ಕೆ ಕನ್ನಡದ ಗಣಿತ ಪುಸ್ತಕವೇ ಕೈದೀವಿಗೆ. 17ನ್ನು 5ರಿಂದ ಭಾಗಿಸಿದರೆ 17 ಭಾಜ್ಯ, 5 ಭಾಜಕ. ಭಾಜ್ಯ ಎಂದರೆ ಭಾಗಿಸಲ್ಪಡಬೇಕಾದದ್ದು, ಭಾಜಕ ಎಂದರೆ ಭಾಗಿಸುವುದು. ಬೇರು ಒಂದೇ, ಬಾಲ ಬದಲಾದ ಕೂಡಲೇ ಪಾತ್ರ ಬದಲು. ಲ್ಯಾಟಿನ್‌ನಲ್ಲೂ ಹೀಗೆಯೇ: ‘ಅಂದ್’, ‘ಎಂದ್’ ಎಂಬ ಬಾಲ ಬಂದರೆ ‘ಆಗಬೇಕಾದದ್ದು’, ‘ಓರ್’ ಬಂದರೆ ‘ಮಾಡುವವ’. ಡಿವಿಡೆಂಡ್ ಭಾಜ್ಯ, ಡಿವೈಸರ್ ಭಾಜಕ. ಮಲ್ಟಿಪ್ಲಿಕಂಡ್ ಗುಣ್ಯ. (ಗುಣಕಕ್ಕೆ ಮಾತ್ರ ಮಲ್ಟಿಪ್ಲೈಯರ್ ಎಂದು ಇಂಗ್ಲಿಷ್‌ನ ಸ್ವಂತ ‘ಅರ್’ ಹಾಕಿಕೊಂಡಿದ್ದಾರೆ.) ವ್ಯವಕಲನದಲ್ಲಿ ಮಿನ್ಯುಯೆಂಡ್ ಎಂದರೆ ಕಡಿಮೆಯಾಗಬೇಕಾದದ್ದು, ಸಬ್‌ಟ್ರಹೆಂಡ್ ಎಂದರೆ ಕಳೆಯಬೇಕಾದದ್ದು. ಬಾಲದ ಅರ್ಥ ಗೊತ್ತಿದ್ದರೆ ಮಕ್ಕಳು ಇವನ್ನು ಅದಲುಬದಲು ಮಾಡುವುದಿಲ್ಲ.

ಕಂಪನಿಯ ಡಿವಿಡೆಂಡ್ ಎಂದರೆ ಷೇರುದಾರರಿಗೆ ಹಂಚಬೇಕಾದ ಮೊತ್ತ. ನಮ್ಮ ‘ಲಾಭಾಂಶ’ ಪಡೆಯುವವನ ಕೈಯಿಂದ ನೋಡಿದ ಹೆಸರು, ಡಿವಿಡೆಂಡ್ ಹಂಚುವವನ ಕೈಯಿಂದ ನೋಡಿದ್ದು.

ಈ ಬಾಲದ ಸಂತತಿ ದೊಡ್ಡದು. ಅಜೆಂಡಾ ಎಂದರೆ ‘ಮಾಡಬೇಕಾದವು’, ಅಕ್ಷರಶಃ ಕರ್ತವ್ಯಗಳು. ಮೆಮೊರಾಂಡಮ್ ಎಂದರೆ ಸ್ಮರಣೀಯ. ನಕಾಶೆಯ ಮೂಲೆಯಲ್ಲಿ ಚಿಹ್ನೆಗಳ ವಿವರಣೆಗೆ ಲೆಜೆಂಡ್ ಎನ್ನುವುದು ಅದು ‘ಓದಬೇಕಾದದ್ದು’ ಆದ್ದರಿಂದ. ಅಜೆಂಡಾ ಮೂಲದಲ್ಲಿ ಬಹುವಚನ. ಇಂಗ್ಲಿಷ್ ಅದನ್ನು ಏಕವಚನ ಮಾಡಿಕೊಂಡು ಬಹಳ ಕಾಲವಾಯಿತು, ಅಜೆಂಡಾಸ್ ಎಂದರೆ ತಪ್ಪಲ್ಲ. ಅದನ್ನು ತಿದ್ದುವವರು ಬೇರೆ ಕೆಲಸ ಹುಡುಕಿಕೊಳ್ಳಬಹುದು.

ಪ್ರಶ್ನೆ: ‘ಗ್ರಾಜುಯೇಟ್’ ಪದವನ್ನು ಇಂಗ್ಲಿಷರು ಒಮ್ಮೆ ಒಂದು ಥರ, ಇನ್ನೊಮ್ಮೆ ಇನ್ನೊಂದು ಥರ ಹೇಳುವುದೇಕೆ?

ಉತ್ತರ: ಕ್ರಿಯಾಪದವಾದರೆ ಕೊನೆಗೆ ತುಂಬು ‘ಏಟ್’. ನಾಮಪದ ಅಥವಾ ವಿಶೇಷಣವಾದರೆ ಅದು ಕುಗ್ಗಿ ‘ಅಟ್’, ‘ಇಟ್’ಗಳ ನಡುವಿನ ಮಂಕು ಸದ್ದಾಗುತ್ತದೆ. ಸೆಪರೇಟ್, ಎಸ್ಟಿಮೇಟ್, ಡೂಪ್ಲಿಕೇಟ್, ಮಾಡರೇಟ್, ಡೆಲಿಗೇಟ್ ಎಲ್ಲವೂ ಹೀಗೆ. ನಾವು ಎಲ್ಲದಕ್ಕೂ ‘ಏಟ್’ ಹಾಕುತ್ತೇವೆ. ಕೇಳುವವರಿಗೆ ವಾಕ್ಯದಲ್ಲಿ ಕ್ರಿಯಾಪದ ಎರಡು ಬಂದಂತಾಗುತ್ತದೆ.

ಮೂರು ಅಥವಾ ಹೆಚ್ಚು ಉಚ್ಚಾರಾಂಶಗಳ ‘ಏಟ್’ ಕ್ರಿಯಾಪದದಲ್ಲಿ ಒತ್ತು ಕೊನೆಯಿಂದ ಮೂರನೆಯದಕ್ಕೆ: ಕಮ್ಯುನಿಕೇಟ್‌ನಲ್ಲಿ ‘ಮ್ಯು’ಗೆ. ‘ಷನ್’ ಸೇರಿದ ತಕ್ಷಣ ಭಾರ ಅದರ ಹಿಂದಿನ ‘ಕೇ’ಗೆ ಜಿಗಿಯುತ್ತದೆ. ‘ಇಟಿ’ಯೂ ಹಾಗೆಯೇ, ತನ್ನ ಬೆನ್ನ ಹಿಂದಿನ ಉಚ್ಚಾರಾಂಶಕ್ಕೆ ಭಾರ ಎಳೆದುಕೊಳ್ಳುತ್ತದೆ: ಪರ್ಸನಲ್‌ನಲ್ಲಿ ‘ಪರ್’ಗೆ, ಪರ್ಸನಾಲಿಟಿಯಲ್ಲಿ ‘ನಾ’ಗೆ. ಇಂಗ್ಲಿಷ್‌ನ ಸ್ವಂತ ‘ನೆಸ್’ ಒತ್ತನ್ನು ಅಲುಗಾಡಿಸುವುದಿಲ್ಲ.

ಅಂದಹಾಗೆ ಸೆಪರೇಟ್ ಬರೆಯುವಾಗ ಪಿ ಆದಮೇಲೆ ಎ. ‘ಪ್ರಿಪೇರ್’ನಲ್ಲಿರುವ ‘ಪರಾರೆ’ಯೇ ಇಲ್ಲೂ ಇದೆ.

ಪ್ರಶ್ನೆ: ಲಿಕ್ವಿಡ್‌ಗೆ ಐ, ಲಿಕ್ವಿಫೈಗೆ ಇ ಎಂದು ನಿಘಂಟು ಹೇಳುತ್ತದೆ. ಅಚ್ಚಿನ ದೋಷವೇ?

ಉತ್ತರ: ಅಲ್ಲ. ‘ಫೈ’ ಎಂದು ಮುಗಿಯುವ ಪದಗಳಲ್ಲಿ ಹೆಚ್ಚಿನವು ಐ-ಎಫ್-ವೈ. ಲಿಕ್ವಿಫೈ, ಪ್ಯೂಟ್ರಿಫೈ, ರೇರಿಫೈ, ಸ್ಟುಪಿಫೈ ಈ ನಾಲ್ಕು ಇ-ಎಫ್-ವೈ. ಲ್ಯಾಟಿನ್‌ನಲ್ಲಿ ಮಿಕ್ಕವು ‘ಫಿಕಾರೆ’ ಸೇರಿ ಆದವು, ಈ ನಾಲ್ಕು ‘ಫಾಕೆರೆ’ ಸೇರಿ.

ಪ್ರಶ್ನೆ: ಆಕ್ಟರ್, ಎಡಿಟರ್‌ಗೆ ಓ-ಆರ್, ಟೀಚರ್, ಸಿಂಗರ್‌ಗೆ ಇ-ಆರ್. ಸುಲಭದ ಸೂತ್ರವಿದೆಯೇ?

ಉತ್ತರ: ಕ್ರಿಯಾಪದದ ಕೊನೆಗೆ ‘ಕ್ಟ್’ ಇದ್ದರೆ ಸಾಮಾನ್ಯವಾಗಿ ಓ: ಡೈರೆಕ್ಟರ್, ಕಂಡಕ್ಟರ್, ಇನ್‌ಸ್ಪೆಕ್ಟರ್. ‘ಏಟ್’ ಪ್ರತ್ಯಯವಿದ್ದರೂ ಓ: ಆಪರೇಟರ್, ಟ್ರಾನ್ಸ್‌ಲೇಟರ್. (ಡಿಬೇಟ್‌ನ ‘ಏಟ್’ ಪ್ರತ್ಯಯವಲ್ಲ, ಹಾಗಾಗಿ ಡಿಬೇಟರ್‌ಗೆ ಇ.) ಅಪ್ಪಟ ಇಂಗ್ಲಿಷ್ ಕ್ರಿಯಾಪದಕ್ಕೆ ಇ, ಸೇಲರ್‌ನಂಥ ಅಪವಾದ ಬಿಟ್ಟರೆ. ಅಡ್ವೈಸರ್ ಎರಡೂ ರೀತಿ ಸರಿ, ಒಂದೇ ಲೇಖನದಲ್ಲಿ ಎರಡನ್ನೂ ಬೆರೆಸಬೇಡಿ. ಎಡಿಟರ್ ವಿಷಯದಲ್ಲಿ ತಮಾಷೆಯೆಂದರೆ ಇಂಗ್ಲಿಷ್‌ಗೆ ಮೊದಲು ಬಂದವನು ಎಡಿಟರ್. ಅವನ ಬಾಲ ಕತ್ತರಿಸಿ ‘ಎಡಿಟ್’ ಎಂಬ ಕ್ರಿಯಾಪದ ಮಾಡಿಕೊಂಡದ್ದು ಆಮೇಲೆ.

ಪ್ರಶ್ನೆ: ರಸಾಯನಶಾಸ್ತ್ರದಲ್ಲಿ ಫೆರಸ್ ಎಂದರೆ ಕಬ್ಬಿಣದ ಆಕ್ಸಿಡೀಕರಣ ಸ್ಥಿತಿ ಎರಡು, ಫೆರಿಕ್ ಎಂದರೆ ಮೂರು. ಹಾಗಾದರೆ ತಾಮ್ರದ ಕ್ಯುಪ್ರಸ್ ಯಾಕೆ ಒಂದು?

ಉತ್ತರ: ‘ಅಸ್’ ಎಂದರೆ ಎರಡು ಎಂದು ಯಾರೋ ನಿಮಗೆ ತಪ್ಪಾಗಿ ಕಲಿಸಿದ್ದಾರೆ. ಈ ಬಾಲಗಳು ಸಂಖ್ಯೆ ಹೇಳುವುದಿಲ್ಲ, ಒಂದೇ ಮೂಲವಸ್ತುವಿನ ಎರಡು ಸ್ಥಿತಿಗಳಲ್ಲಿ ಯಾವುದು ಕೆಳಗಿನದು, ಯಾವುದು ಮೇಲಿನದು ಎಂದಷ್ಟೇ ಹೇಳುತ್ತವೆ. ಕಬ್ಬಿಣದ ಜೋಡಿ 2 ಮತ್ತು 3, ತಾಮ್ರದ ಜೋಡಿ 1 ಮತ್ತು 2. ಆಮ್ಲಗಳಲ್ಲೂ ಅಷ್ಟೆ: ‘ಅಸ್’ ಆಮ್ಲದ ಲವಣ ‘ಐಟ್’, ‘ಇಕ್’ ಆಮ್ಲದ ಲವಣ ‘ಏಟ್’. ಸಲ್ಫೈಟ್‌ನಲ್ಲಿ ಆಕ್ಸಿಜನ್ ಪರಮಾಣು 3, ಸಲ್ಫೇಟ್‌ನಲ್ಲಿ 4. ನೈಟ್ರೈಟ್‌ನಲ್ಲಿ 2, ನೈಟ್ರೇಟ್‌ನಲ್ಲಿ 3. 1787ರಲ್ಲಿ ಗೀಟೊನ್ ದ ಮೊರ್ವೊ, ಲವಾಸಿಯೆ, ಬರ್ಥೊಲೆ, ಫೂರ್‌ಕ್ರೋಯ್ ಎಂಬ ನಾಲ್ವರು ಫ್ರೆಂಚ್ ರಸಾಯನಶಾಸ್ತ್ರಜ್ಞರು ಸೇರಿ ಹಾಕಿದ ಕಟ್ಟು ಇದು.

ಒಂದು ಎಚ್ಚರಿಕೆ: ಮೂಲವಸ್ತುವಿನ ಹೆಸರಾದ ಫಾಸ್ಫರಸ್ ಕೊನೆಗೆ ಬರೀ ಯು-ಎಸ್. ಓ ಸೇರಿಸಿ ಓ-ಯು-ಎಸ್ ಬರೆದರೆ ಅದು ವಿಶೇಷಣ, ಫಾಸ್ಫರಸ್ ಆಮ್ಲ ಎನ್ನುವಲ್ಲಿನದು. ಉತ್ತರಪತ್ರಿಕೆಗಳಲ್ಲಿ ಇವೆರಡು ಸದಾ ಅದಲುಬದಲು.

ಪ್ರಶ್ನೆ: ವೈರಸ್, ಬಸ್ ಎರಡರ ಕೊನೆಯೂ ‘ಅಸ್’. ಫಂಗಸ್–ಫಂಗೈ ಎಂಬಂತೆ ಇವಕ್ಕೂ ಲ್ಯಾಟಿನ್ ಬಹುವಚನ ಇದೆಯೇ?

ಉತ್ತರ: ಎರಡಕ್ಕೂ ಇಲ್ಲ, ವೈರಸಸ್, ಬಸಸ್ ಎನ್ನಿ. ವೈರಸ್ ಲ್ಯಾಟಿನ್‌ನಲ್ಲಿ ‘ವಿಷ’, ಎಣಿಸುವ ವಸ್ತುವಲ್ಲ. ಪ್ರಾಚೀನರು ಅದಕ್ಕೆ ಬಹುವಚನವನ್ನೇ ಬಳಸಲಿಲ್ಲ. ಬಸ್ ಅಂತೂ ಪದವೇ ಅಲ್ಲ, ಬರೀ ವಿಭಕ್ತಿ ಪ್ರತ್ಯಯ. 1829ರಲ್ಲಿ ಜಾರ್ಜ್ ಶಿಲ್ಲಿಬೀರ್ ಲಂಡನ್‌ನಲ್ಲಿ ಓಡಿಸಿದ ಕುದುರೆಗಾಡಿಯ ಹೆಸರು ‘ಆಮ್ನಿಬಸ್’. ಅದು ಚತುರ್ಥೀ ವಿಭಕ್ತಿಯ ಬಹುವಚನ, ಅರ್ಥ ‘ಎಲ್ಲರಿಗೆ’. ಜನ ‘ಎಲ್ಲರ’ನ್ನು ಇಳಿಸಿ ‘ಇಗೆ’ಯನ್ನು ಮಾತ್ರ ಉಳಿಸಿಕೊಂಡರು. ಆ ‘ಬುಸ್’ಗೆ ಸಂಸ್ಕೃತದಲ್ಲೂ ಬಂಧುವಿದ್ದಾನೆ, ‘ಶ್ರೀ ಗುರುಭ್ಯೋ ನಮಃ’ ಎನ್ನುವಾಗ ನಮ್ಮ ಬಾಯಲ್ಲಿ ಬರುವ ‘ಭ್ಯಃ’.